ಹೆಸರು ಹೊಳೆಯದಿದ್ದರೆ ಬುದ್ಧಿ ಹೋಯಿತೆಂದಲ್ಲ

'ಅರವತ್ತಕ್ಕೆ ಅರಳುಮರಳು' ಎಂಬ ಮಾತು ನಮ್ಮ ಮನೆಗಳಲ್ಲಿ ಎರಡು ಬಗೆಯ ಹಾನಿ ಮಾಡುತ್ತಿದೆ. ಪರಿಚಿತರ ಹೆಸರು ಥಟ್ಟನೆ ಹೊಳೆಯದಾಗ ಆರೋಗ್ಯವಂತ ಹಿರಿಯರನ್ನೂ ಅದು ಹೆದರಿಸುತ್ತದೆ. ನಿಜವಾಗಿ ಕಾಯಿಲೆ ಶುರುವಾದಾಗಲೋ, 'ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ' ಎಂದು ಮನೆಮಂದಿಯನ್ನು ಸುಮ್ಮನಾಗಿಸುತ್ತದೆ.

ನೆನಪು ಒಂದೇ ಶಕ್ತಿಯಲ್ಲ. ಮೊನ್ನೆ ಮದುವೆಮನೆಯಲ್ಲಿ ಯಾರು ಸಿಕ್ಕರು, ಏನು ಹೇಳಿದರು ಎಂಬುದು ಘಟನೆಯ ನೆನಪು. ಅಕ್ಕಿಗೆ ಎಷ್ಟು ನೀರಿಡಬೇಕು, ಯುಗಾದಿ ಯಾವ ಮಾಸದಲ್ಲಿ ಬರುತ್ತದೆ ಎಂಬುದು ತಿಳಿವಳಿಕೆಯ ನೆನಪು. ಇವೆರಡನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಕೆನಡಾದ ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲಿ ವಾದಿಸಿದರು. ಹೂ ಕಟ್ಟುವುದು, ಮುದ್ದೆ ಕಟ್ಟುವುದು, ಸೈಕಲ್ ತುಳಿಯುವುದು ಕೈಕಾಲಿಗೆ ಅಂಟಿದ ಮೂರನೆಯ ಬಗೆ. ವಯಸ್ಸು ಈ ಮೂರನ್ನೂ ಒಂದೇ ರೀತಿ ಮುಟ್ಟುವುದಿಲ್ಲ. ಕೈಗೆ ಅಂಟಿದ್ದು ಬಹುಮಟ್ಟಿಗೆ ಉಳಿಯುತ್ತದೆ. ಶಬ್ದಸಂಪತ್ತು ಅರವತ್ತರ ಆಸುಪಾಸಿನವರೆಗೂ ಬೆಳೆಯುತ್ತಿರಬಹುದು. ಸೊರಗುವುದು ಮುಖ್ಯವಾಗಿ ಘಟನೆಯ ನೆನಪು, ಅದರಲ್ಲೂ ಹೊಸ ಘಟನೆಗಳದ್ದು.

ಹೊಸದನ್ನು ನೆನಪಾಗಿ ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ವಯಸ್ಸಾದಂತೆ ಸ್ವಲ್ಪಸ್ವಲ್ಪವೇ ಕುಗ್ಗುತ್ತದೆ. ಮೆದುಳಿನ ಕೆಲಸದ ವೇಗ ಯೌವನ ದಾಟುವಾಗಿನಿಂದಲೇ ಇಳಿಯತೊಡಗುತ್ತದೆ. ಒಮ್ಮೆಗೇ ಎರಡು ಕಡೆ ಗಮನ ಇಡುವುದೂ ಕಷ್ಟವಾಗುತ್ತದೆ. ಟಿ.ವಿ. ನೋಡುತ್ತ ಕನ್ನಡಕ ಎಲ್ಲೋ ಇಟ್ಟು ಆಮೇಲೆ ಹುಡುಕುವವರು ಅನೇಕ ಸಲ ಏನನ್ನೂ ಮರೆತಿರುವುದಿಲ್ಲ. ಇಟ್ಟ ಜಾಗ ಮನಸ್ಸಿನಲ್ಲಿ ದಾಖಲಾಗಿಯೇ ಇರುವುದಿಲ್ಲ.

ದಾಖಲಾಗಿದ್ದರೂ ಹೊರಬರಲು ಹೊತ್ತು ಬೇಕು. 'ಮದುವೆಗೆ ಯಾರ್ಯಾರು ಬಂದಿದ್ದರು?' ಎಂದರೆ ಅಜ್ಜಿ ತಡವರಿಸುತ್ತಾರೆ. 'ಶಿವಮೊಗ್ಗದ ಚಿಕ್ಕಪ್ಪ ಬಂದಿದ್ದರಾ?' ಎಂದು ಕೇಳಿ ನೋಡಿ, ಕೂಡಲೇ ಉತ್ತರ ಬರುತ್ತದೆ. ಹುಡುಕಿ ತೆಗೆಯುವುದು ಕಷ್ಟವಾದರೂ ಗುರುತಿಸುವ ಶಕ್ತಿ ಅಷ್ಟಾಗಿ ಕುಂದುವುದಿಲ್ಲ. ಹೆಸರುಗಳು ಎಲ್ಲಕ್ಕಿಂತ ಹೆಚ್ಚು ಕಾಡುವುದೂ ಇದೇ ಕಾರಣಕ್ಕೆ. ಆತ ಟೈಲರ್, ಬಸ್‌ಸ್ಟ್ಯಾಂಡ್ ಹಿಂದೆ ಅಂಗಡಿ, ಮಗಳನ್ನು ಮೈಸೂರಿಗೆ ಕೊಟ್ಟಿದ್ದಾರೆ ಎಂಬುದೆಲ್ಲ ಒಂದನ್ನೊಂದು ಹಿಡಿದುಕೊಂಡು ಬರುತ್ತವೆ. ಹೆಸರಿಗೆ ಅಂಥ ಆಸರೆಯಿಲ್ಲ. ಇನ್ನೊಂದು ಸಂಗತಿಯನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. 'ಇದು ನೆನಪಿನ ಪರೀಕ್ಷೆ' ಎಂದು ಮೊದಲೇ ಹೇಳಿದಾಗ ಹಿರಿಯರ ಉತ್ತರಗಳು ಸೊರಗುವುದನ್ನು ಸಂಶೋಧಕರು ಕಂಡಿದ್ದಾರೆ. ಮಾತುಮಾತಿಗೆ ಅರಳುಮರಳೆಂದು ಹಂಗಿಸುವ ಮನೆಯಲ್ಲಿ ಅಪ್ಪ ಅಮ್ಮ ಪ್ರತಿದಿನವೂ ಆ ಪರೀಕ್ಷೆಯಲ್ಲೇ ಕೂತಿರುತ್ತಾರೆ.

ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಮುಪ್ಪಿನಲ್ಲೂ ದಟ್ಟವಾಗಿರುತ್ತವೆ. ಮೊದಲ ನೌಕರಿ, ಮದುವೆ, ಮೊದಲ ಮಗು ಹೆಚ್ಚಾಗಿ ಆ ವರ್ಷಗಳವೇ. ಆದರೆ ಇದನ್ನೇ ನಂಬಿ ಮನೆಯವರು ಮೋಸಹೋಗುವುದುಂಟು. 'ಐವತ್ತು ವರ್ಷದ ಹಿಂದಿನದ್ದೆಲ್ಲ ಹೇಳ್ತಾರೆ, ನೆನಪಿಗೆ ಏನೂ ಆಗಿಲ್ಲ' ಎನ್ನುವುದು ಸರಿಯಲ್ಲ. ಅಲ್ಝೈಮರ್ ಕಾಯಿಲೆಯಲ್ಲಿ ಮೊದಲು ಹೋಗುವುದು ಹೊಸ ನೆನಪು. ಹಳೆಯದು ಬಹುಕಾಲ ನಿಲ್ಲುತ್ತದೆ.

ಹಾಗಾದರೆ ಯಾವಾಗ ಎಚ್ಚರವಾಗಬೇಕು? ಕೇಳಿದ್ದನ್ನೇ ಐದು ನಿಮಿಷದಲ್ಲಿ ಮತ್ತೆ ಕೇಳಿದರೆ, ನಡೆದಾಡಿದ ಬೀದಿಯಲ್ಲೇ ದಾರಿ ತಪ್ಪಿದರೆ, ದಿನವೂ ಮಾಡುವ ಸಾರಿನ ಕ್ರಮ ಕೈತಪ್ಪಿದರೆ, ದುಡ್ಡಿನ ಲೆಕ್ಕ ಹಿಂದೆಂದೂ ಇಲ್ಲದಂತೆ ಗೋಜಲಾದರೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ಅಲ್ಝೈಮರ್‌ನಂಥ ಕಾಯಿಲೆಗಳಿಂದ ಬುದ್ಧಿಶಕ್ತಿ ಕುಂದುವ ಸ್ಥಿತಿ, ಇದೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ದೊಡ್ಡ ಸಂಖ್ಯೆಯೇ ಹೌದು, ಆದರೂ ಅರವತ್ತಾದ ಬಹುಪಾಲು ಜನ ಅದರಲ್ಲಿಲ್ಲ.

ನಮ್ಮ ಜನರ ಮೆದುಳಿಗೆ ವಯಸ್ಸಾಗುವ ಬಗೆಯನ್ನು ಇಲ್ಲಿಯೇ ಅರಿಯುವ ಕೆಲಸವೂ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮೆದುಳು ಸಂಶೋಧನಾ ಕೇಂದ್ರ ದೀರ್ಘಕಾಲದ ಅಧ್ಯಯನಕ್ಕೆ ಒಳಪಡಿಸಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಮಾಡಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ವ್ಯತ್ಯಾಸ ಕಂಡಿತು.

ಮರೆವು ಹೆಚ್ಚಿದಾಗ ವೈದ್ಯರು ಮೊದಲು ಹುಡುಕುವುದು ಸರಿಪಡಿಸಬಹುದಾದ ಕಾರಣಗಳನ್ನು: ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರೆಗೆಟ್ಟಿರುವುದು. ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳೂ ಮಂಪರು ಕವಿಸಿ ನೆನಪನ್ನು ಮಸುಕಾಗಿಸುತ್ತವೆ. ಕಿವಿ ಮಂದವಾದವರಿಗೆ ಮಾತು ಸರಿಯಾಗಿ ಮುಟ್ಟಿಯೇ ಇರುವುದಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಹಿರಿಯರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಜೊತೆಗೆ ದಿನವೂ ಅವರೊಡನೆ ಇರುವವರೇ ಹೋಗಲಿ. ಕಾಯಿಲೆ ಇದ್ದರೆ, ಬದಲಾವಣೆ ಯಾವಾಗ ಶುರುವಾಯಿತು ಎಂಬುದು ಅನೇಕ ಸಲ ರೋಗಿಗಿಂತ ಮೊದಲು ಗೊತ್ತಾಗಿರುವುದು ಅವರಿಗೇ.