ಸೂರ್ಯನ ಸದ್ದು: ಆಕ್ಷೇಪಿಸುವವರಿಗೆ ಉತ್ತರ

ಸೂರ್ಯನೊಳಗಿನ ಹರಿವನ್ನು ಸದ್ದಿನ ಅಲೆಗಳಿಂದ ಅಳೆಯುತ್ತಾರೆ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿ ಹೇಳಿದರೂ ಅವೇ ಆಕ್ಷೇಪಗಳು ಬರುತ್ತವೆ. ಮೊದಲನೆಯದು: ನಡುವೆ ಗಾಳಿಯೇ ಇಲ್ಲ, ಸದ್ದು ಇಲ್ಲಿಗೆ ಹೇಗೆ ಬಂತು? ಬರುವುದಿಲ್ಲ, ಬಂದಿದೆ ಎಂದು ಯಾರೂ ಹೇಳಿಲ್ಲ. ಸದ್ದು ಸೂರ್ಯನ ಅನಿಲದೊಳಗೇ ಸುತ್ತುತ್ತದೆ. ಅದು ತಟ್ಟಿದ ಕಡೆ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ನಮ್ಮನ್ನು ತಲುಪುವುದು ಬೆಳಕು. ಮೇಲ್ಮೈ ಏರಿದಾಗ ಅದರ ಬಣ್ಣ ಕೂದಲೆಳೆಯಷ್ಟು ನೀಲಿಯತ್ತ, ಇಳಿದಾಗ ಕೆಂಪಿನತ್ತ ಸರಿಯುತ್ತದೆ. ರಾಬರ್ಟ್ ಲೇಟನ್ ಮತ್ತು ಜೊತೆಗಾರರು 1962ರಲ್ಲಿ ಪ್ರಕಟಿಸಿದ್ದು ಇದನ್ನೇ.

ಕಾಣದ ಆಳದ ಮಾತೆಲ್ಲ ಬರೀ ಊಹೆ ಎನ್ನುವವರಿದ್ದಾರೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ನೆಲ ನಡುಗಿದಾಗ ಕೇಂದ್ರ ಎಷ್ಟು ಆಳದಲ್ಲಿತ್ತೆಂದು ಹೇಳುವುದೂ ಅಲೆಗಳ ಲೆಕ್ಕದಿಂದಲೇ, ಯಾರೂ ಅಗೆದು ನೋಡಿ ಬಂದಿರುವುದಿಲ್ಲ. ಇನ್ನು ಹರಿವಿನ ಲೆಕ್ಕ: ತುಂಬಿದ ಭೀಮಾ ನದಿಯಲ್ಲಿ ಹರಿವಿನ ಜೊತೆ ಹೋದ ದೋಣಿ ಬೇಗ ಮುಟ್ಟುತ್ತದೆ, ಎದುರು ಬಂದದ್ದು ತಡವಾಗುತ್ತದೆ. ಆ ಅಂತರ ಸಿಕ್ಕರೆ ನೀರಿನ ಸೆಳೆತ ಎಷ್ಟೆಂದು ತಿಳಿಯಿತು. ಸೂರ್ಯನ ಅಲೆಗಳಿಗೂ ಇದೇ ಲೆಕ್ಕ. ಸೂರ್ಯನ ಆಚೆ ಬದಿಯ ದೊಡ್ಡ ಕಲೆಗಳನ್ನು ಸಹ ಈ ಅಲೆಗಳಿಂದ ಪತ್ತೆ ಹಚ್ಚುತ್ತಾರೆ. ಸೂರ್ಯ ತಿರುಗಿದಂತೆ ಅವು ಈಚೆ ಬಂದು ಕಣ್ಣಿಗೇ ಕಾಣುತ್ತವೆ. ಬರೀ ಊಹೆಗೆ ಇಂಥ ಸಾಕ್ಷಿ ಸಿಗದು.

ಗಟ್ಟಿ ಆಕ್ಷೇಪ ಮೂರನೆಯದು: ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವಲ್ಲ? ನಿಜ, ಇರಲಿಲ್ಲ. ಮೇಲ್ಮೈಯಲ್ಲಿ ಅನಿಲ ಸೆಕೆಂಡಿಗೆ 10ರಿಂದ 20 ಮೀಟರ್ ವೇಗದಲ್ಲಿ ಧ್ರುವಗಳತ್ತ ಹರಿಯುತ್ತದೆ, ಇದರಲ್ಲಿ ತಕರಾರಿಲ್ಲ. ವಾಪಸಾಗುವುದು ಎಲ್ಲಿ? ಒಂದರ ಕೆಳಗೊಂದು ಎರಡು ಸುತ್ತುಗಳಿವೆ ಎಂದು ಸ್ಟ್ಯಾನ್‌ಫೋರ್ಡಿನ ಝಾವೋ ತಂಡ 2013ರಲ್ಲಿ ಹೇಳಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ರಾಜಗುರು, ಮುಂಬೈಯ ಆಂಟಿಯಾ ಆ ತಂಡ ಬಳಸಿದ್ದ ಉಪಗ್ರಹದ್ದೇ ನಾಲ್ಕು ವರ್ಷದ ಮಾಹಿತಿ ತೆಗೆದುಕೊಂಡರು. ಹೋದಷ್ಟು ವಸ್ತು ಮರಳಲೇಬೇಕೆಂಬ ನಿಯಮವನ್ನೂ ಲೆಕ್ಕಕ್ಕೆ ಸೇರಿಸಿ, ಸುತ್ತು ಒಂದೇ, ಸುಮಾರು 1.6 ಲಕ್ಷ ಕಿಲೋಮೀಟರ್ ಆಳದ ಕೆಳಗೆ ಅದು ಮರಳುತ್ತದೆ ಎಂದು 2015ರಲ್ಲಿ ತೋರಿಸಿದರು. 2020ರಲ್ಲಿ ಜರ್ಮನಿಯ ಗಿಜಾನ್ ತಂಡವೂ ಒಂದೇ ಸುತ್ತು ಎಂದಿತು. ಅವರು ಬಳಸಿದ್ದರಲ್ಲಿ ಉದಯಪುರವೂ ಸೇರಿದ ಆರು ಸೂರ್ಯ ವೀಕ್ಷಣಾ ಕೇಂದ್ರಗಳ ಮಾಹಿತಿಯಿತ್ತು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಿಚ್ಚಿ ನೋಡುವ ಈ ಜಗಳದಿಂದಲೇ ನನಗೆ ಈ ವಿದ್ಯೆಯ ಮೇಲೆ ನಂಬಿಕೆ ಬಂದಿದೆ.

ನಮಗೇನು ಲಾಭ? ಈ ಹರಿವೇ ಸೌರಕಲೆಗಳ ಹನ್ನೊಂದು ವರ್ಷದ ಏರಿಳಿತಕ್ಕೆ ಸಂಬಂಧಿಸಿದ್ದು. ಕಲೆಗಳು ಹೆಚ್ಚಿದಾಗ ಸೌರ ಬಿರುಗಾಳಿಗಳೂ ಹೆಚ್ಚು. 1989ರ ಮಾರ್ಚ್ 13ರಂದು ಸೌರ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತವನ್ನು ಒಂಬತ್ತು ಗಂಟೆ ಕತ್ತಲಲ್ಲಿಟ್ಟಿತು. ವಿಜಯಪುರ ಧ್ರುವದಿಂದ ದೂರ, ಆ ಅಪಾಯ ಇಲ್ಲಿ ಕಡಿಮೆ, ಒಪ್ಪುತ್ತೇನೆ. ಆದರೆ ಇಂಡಿಯ ನಿಂಬೆ ಬೆಳೆಗಾರರು ಕಾಯುವ ಮಳೆಯ ಮುನ್ಸೂಚನೆಗೆ ಮೋಡದ ಚಿತ್ರ ಕಳಿಸುವ ಉಪಗ್ರಹ ಅಂಥ ಬಿರುಗಾಳಿಗೆ ಎದೆಯೊಡ್ಡಿಯೇ ನಿಂತಿದೆ.