ಅಂತರ್ಜಾಲದ ಪೇಟೆಯೂ ಕಂಡವನ ಕರ್ತವ್ಯವೂ

ಪರಮಪೂಜ್ಯ ಶ್ರೀಗಳವರ ಅಪ್ಪಣೆಯಂತೆ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ವಚನಸಾಹಿತ್ಯವನ್ನೋ ಹಳಗನ್ನಡ ವ್ಯಾಕರಣವನ್ನೋ ಕುರಿತು ನಾನೊಂದು ಲೇಖನವನ್ನು ಬರೆದುಕೊಡುವೆನೆಂದು ಸಂಪಾದಕ ಮಂಡಳಿಯವರು ನಿರೀಕ್ಷಿಸಿದ್ದರು. ಕನ್ನಡ ಪಂಡಿತನಿಂದ ಬೇರೇನನ್ನು ನಿರೀಕ್ಷಿಸಲಾದೀತು! ಆದರೆ ಕಳೆದೊಂದು ವರ್ಷದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯವು ಪೇಟೆಗೆ ಸಂಬಂಧಿಸಿದ್ದು. ಅಂಗಡಿಯ ಕಟ್ಟೆಯಿಲ್ಲದ, ತಕ್ಕಡಿ ಕಾಣದ, ಮೊಬೈಲಿನ ಗಾಜಿನೊಳಗೆ ನಡೆಯುವ ಪೇಟೆಗೆ. ಆ ಪೇಟೆಯಲ್ಲಿ ಒಬ್ಬನು ಮೋಸಮಾಡುತ್ತಿರುವುದನ್ನು ಇನ್ನೊಬ್ಬನು ಕಂಡರೆ, ಕಂಡವನು ದೂರು ಕೊಡಬೇಕೆ, ಇಲ್ಲವೆ ತನ್ನ ಪಾಡಿಗೆ ತಾನಿರಬೇಕೆ? ಈ ಪ್ರಶ್ನೆಯನ್ನು ನನ್ನಲ್ಲಿಗೆ ತಂದವನು ನಮ್ಮ ಸಂಸ್ಥೆಯ ಹಳೆಯ ವಿದ್ಯಾರ್ಥಿ. ಅವನಿಗೆ ನಾನು ಕೊಟ್ಟ ಉತ್ತರವು ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅವನು ಇಳಕಲ್ಲಿನ ನೇಕಾರ ಮನೆತನದವನು. ನಮ್ಮ ಪ್ರಸಾದನಿಲಯದಲ್ಲಿದ್ದುಕೊಂಡು ಹತ್ತನೆಯ ಇಯತ್ತೆಯವರೆಗೆ ಓದಿದವನು. ಮನೆಯಲ್ಲಿ ಎರಡು ಕುಣಿಮಗ್ಗಗಳಿವೆ. ಅವುಗಳಲ್ಲಿ ನೆಯ್ದ ಸೀರೆಗಳನ್ನಲ್ಲದೆ ಓಣಿಯ ಐದಾರು ಮಗ್ಗಗಳ ಸೀರೆಗಳನ್ನೂ ತಾನೇ ಕೊಂಡು, ಚಿತ್ರ ತೆಗೆದು, ಅಂತರ್ಜಾಲದ ಮಾರಾಟತಾಣವೊಂದರ ಮೂಲಕ ದೂರದೂರದ ಗಿರಾಕಿಗಳಿಗೆ ಮಾರುತ್ತಾನೆ. ಒಂದು ದಿನ ಸಂಜೆ ಮನೆಗೆ ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದ. "ಗುರುಗಳ, ಈ ಫೋಟೋ ನೋಡ್ರಿ. ಇದು ನಮ್ಮ ಮನಿ ಕಟ್ಟಿ ಮ್ಯಾಲೆ ಸೀರಿ ಹಾಸಿ ನಾನ ತಗದದ್ದು. ಈಗ ಬ್ಯಾರೆಯವರ ಅಂಗಡ್ಯಾಗ ಐತ್ರಿ." ಚಿತ್ರದ ಕೆಳಗೆ ಅಪ್ಪಟ ಇಳಕಲ್ಲ ಕೈಮಗ್ಗದ ಸೀರೆಯೆಂಬ ಒಕ್ಕಣೆ. ಇವನು 3,600 ರೂಪಾಯಿಗೆ ಮಾರುವ ಸೀರೆಯ ಅದೇ ಚಿತ್ರಕ್ಕೆ ಅಲ್ಲಿ 1,450 ರೂಪಾಯಿ ಬೆಲೆ. ಅವನು ತನ್ನ ಹೆಸರಿನಲ್ಲಿಯೇ ಒಂದನ್ನು ತರಿಸಿ ನೋಡಿದ್ದ. ಬಂದದ್ದು ಪವರ್‌ಲೂಮಿನ ಪಾಲಿಯೆಸ್ಟರ್ ಸೀರೆ. ಎಳೆಯೊಂದನ್ನು ಕಿತ್ತು ನನ್ನೆದುರಿಗೇ ದೀಪಕ್ಕೆ ಹಿಡಿದ. ಹತ್ತಿಯಂತೆ ಉರಿದು ಬೂದಿಯಾಗುವ ಬದಲು ಅದು ಕರಗಿ ಕರಿಯ ಗುಂಡಾಗಿ ಮುದುಡಿತು. ಆ ಅಂಗಡಿಯ ಒಡೆಯನಾರೆಂದು ಕೇಳಿದೆ. ಆತನೂ ಇದೇ ಶಾಲೆಯಲ್ಲಿ ಕಲಿತವನು. ಶಾಲೆಗೆ ಕೈಯೆತ್ತಿ ಕೊಟ್ಟವನು. ಇದಕ್ಕಿಂತ ಹೆಚ್ಚಿನ ಗುರುತನ್ನು ನಾನಿಲ್ಲಿ ಕೊಡಲಾರೆ. ಹುಡುಕಲು ಹೊರಡಬೇಡಿರೆಂದು ವಾಚಕ ಮಹಾಶಯರಲ್ಲಿ ವಿನಂತಿ.

ಎಲ್ಲವನ್ನೂ ಕೇಳಿಕೊಂಡು ನಾನು ಮಾಡಿದ ಉಪದೇಶ ಹೀಗಿತ್ತು: "ತಮ್ಮಾ, ಮಂದಿ ತಪ್ಪ ಎಣಿಸೂದು ನಮ್ಮ ಕೆಲಸಲ್ಲ. ಅವನ ಪಾಪ ಅವನಿಗೆ. ನಿನ್ನ ಮಾಲು ಚಲೋ ಇದ್ದರ ಗಿರಾಕಿ ತಾನ ಬರ್ತಾರ." ಅವನು ಎದುರಾಡದೆ ನಮಸ್ಕರಿಸಿ ಹೋದ. ಗುರುಗಳಿಗೆ ಎದುರಾಡಬಾರದೆಂದು ಕಲಿಸಿದವರು ನಾವೇ ಅಲ್ಲವೆ! ಅಂದು ನಾನಾಡಿದ್ದು ನೀತಿಯೆಂದೇ ಭಾವಿಸಿದ್ದೆ. ಈಗ ನೋಡಿಕೊಂಡರೆ ಅದರಲ್ಲಿ ಅರ್ಧ ನೀತಿ, ಇನ್ನರ್ಧ ಅಂಜಿಕೆ. ದಾನಿಯೊಬ್ಬನ ಮನಸ್ಸು ನೊಂದೀತೆಂಬ ಅಂಜಿಕೆ.

ಆರು ತಿಂಗಳ ತರುವಾಯ ಮದುವೆಯೊಂದರ ನಿಮಿತ್ತ ಇಳಕಲ್ಲಿಗೆ ಹೋದವನು ಅವನ ಮನೆಗೂ ಹೋದೆ. ಎದುರುಮನೆಯ ಮಗ್ಗ ನಿಂತುಹೋಗಿತ್ತು. ಕುಣಿಯ ಮೇಲೆ ಹಲಗೆ ಹಾಸಿ ಜೋಳದ ಚೀಲಗಳನ್ನು ಪೇರಿಸಿದ್ದರು. ಆ ಮನೆಯ ಹುಡುಗ ಕಟ್ಟಡದ ಕೆಲಸಕ್ಕೆಂದು ಗೋವೆಗೆ ಹೋಗಿದ್ದಾನೆಂದು ತಿಳಿಯಿತು. ಒಂದು ಮಗ್ಗ ನಿಲ್ಲುವುದಕ್ಕೆ ಕಾರಣಗಳು ಹಲವಿರುತ್ತವೆ. ನೂಲಿನ ಬೆಲೆಯುಂಟು, ಸಾಲವುಂಟು. ಎಲ್ಲವನ್ನೂ ಒಬ್ಬ ವ್ಯಾಪಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನನ್ನ ಶಿಷ್ಯನ ತಾಯಿ ಅಂದಳು: "ಅರ್ಧಾ ರೊಕ್ಕಕ್ಕ ಇಳಕಲ್ಲ ಸೀರಿ ಸಿಗತೈತಿ ಅಂತ ಮಂದಿ ಕೇಳತಾರ್ರಿ. ನಾವ ಸುಳ್ಳ ಹೇಳಿ ದುಪ್ಪಟ್ಟ ತಗೊಂತೀವಿ ಅಂತಾರ." ನನ್ನ ಉಪದೇಶದಲ್ಲಿ ಇಲ್ಲದಿದ್ದ ಸಂಗತಿ ಇದು. ಸುಳ್ಳು ಹೇಳಿದವನು ಸತ್ಯವಂತನಾದ. ಸತ್ಯವನ್ನು ನೆಯ್ದವಳ ಮೇಲೆ ಸುಳ್ಳಿನ ಆರೋಪ ಬಂದಿತು. ಹೀಗಿರಲು ಅವನ ಪಾಪ ಅವನಿಗೇ ಹೇಗಾದೀತು?

ಈ ಸೀರೆಯ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಮೈಗೆ ರೇಷ್ಮೆಯ ಸೆರಗು ಬರಬೇಕಾದರೆ ಆ ಎರಡು ಹಾಸುಗಳನ್ನು ಪ್ರತಿ ಸೀರೆಗೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸಬೇಕು. ತೋಪುತೆನಿ ಸೆರಗೆಂದು ಪ್ರಸಿದ್ಧವಾದುದು ಇದೇ. ಸೆರಗು ಮೈಗೆ ಕೂಡುವೆಡೆಯಲ್ಲಿ ಬೆರಳಾಡಿಸಿದರೆ ಆ ಕುಣಿಕೆಗಳ ಸಾಲು ಕೈಗೆ ತಾಕುತ್ತದೆ. ಮಗ್ಗಕ್ಕೆ ಮುಂಚಿನ ಇಂಥ ಕೆಲಸಗಳು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳವು. ನಕಲಿ ಸೀರೆಯಲ್ಲಿ ಒಂದೇ ಹಾಸು ತುದಿಯಿಂದ ತುದಿಗೆ ಹರಿದಿರುತ್ತದೆ. ಸೆರಗಿನ ಕೆಂಪು ಬಿಳಿ ಪಟ್ಟೆಗಳು ಮಾತ್ರ ಅಸಲಿನಂತೆಯೇ ಕಾಣುತ್ತವೆ. ಅಂಗಡಿಯಲ್ಲಿ ಕುಳಿತು ಕೊಳ್ಳುವವಳು ಬೆರಳಾಡಿಸಿ ನೋಡಿಯಾಳು. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿದರೆ ಸಿಗುವುದು ಗಾಜೇ. ಆದುದರಿಂದ ಈ ಪೇಟೆಯಲ್ಲಿ ಮೋಸವನ್ನು ಕಾಣಬಲ್ಲವರು ಬಹಳ ಮಂದಿ ಇಲ್ಲ. ಕಸಬು ಬಲ್ಲವನೊಬ್ಬನೇ ಅದನ್ನು ಕಾಣಬಲ್ಲನು. ಅವನೂ ಬಾಯಿ ಮುಚ್ಚಿಕೊಂಡರೆ ಕಂಡವರಾರೂ ಇಲ್ಲದಂತಾಯಿತು.

ನಮ್ಮ ಜನಕ್ಕೆ ದೂರು ಎಂಬ ಮಾತೇ ಹಿತವಲ್ಲ. ಅದಕ್ಕೆ ಕಾರಣವೂ ಉಂಟು. ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದ 'ದೂಱು' ಎಂಬ ಶಬ್ದಕ್ಕೆ ನಿಂದಿಸು, ಇಲ್ಲದ ಅಪವಾದವನ್ನು ಹೊರಿಸು ಎಂಬ ಅರ್ಥಗಳಿದ್ದುವು. ಕಚೇರಿಗಳಲ್ಲಿ ಕೊಡುವ ಅರ್ಜಿಗೆ ಆ ಹೆಸರು ಅಂಟಿದುದು ಅನಂತರ. ಹಾಗಾಗಿ ದೂರುವವನು ಪಿಸುಣನೆಂಬ, ಚಾಡಿಕೋರನೆಂಬ ಸಂಶಯವು ಶಬ್ದದೊಡನೆಯೇ ಬಂದುಬಿಟ್ಟಿದೆ. ಪಿಸುಣರನ್ನು ಕಾವ್ಯಾರಂಭದಲ್ಲಿಯೇ ಹಳಿದು ಮುಂದುವರಿದ ಕವಿಗಳು ನಮ್ಮಲ್ಲಿ ಅನೇಕರು. ಆದರೆ ಇನ್ನೊಂದು ಶಬ್ದವಿದೆ: ಸಾಕ್ಷಿ. ಸಾಕ್ಷಾತ್ತಾಗಿ ನೋಡಿದವನು ಎಂಬ ಅರ್ಥದಲ್ಲಿ ಪಾಣಿನಿಯು ಅದನ್ನು ಸಾಧಿಸಿದ್ದಾನೆ. ಚಾಡಿಕೋರನಿಗೂ ಸಾಕ್ಷಿಗೂ ಇರುವ ಅಂತರ ಅಲ್ಲಿಯೇ ಇದೆ. ಕೇಳಿದ್ದನ್ನು, ಊಹಿಸಿದ್ದನ್ನು, ಕಿವಿಯಲ್ಲಿ ಊದುವವನು ಮೊದಲನೆಯವನು. ತಾನೇ ಕಂಡುದನ್ನು, ತನ್ನ ಹೆಸರು ಹೇಳಿ, ವಿಚಾರಿಸುವ ಅಧಿಕಾರವುಳ್ಳವರ ಮುಂದೆ ಇಡುವವನು ಎರಡನೆಯವನು. ನನ್ನ ಶಿಷ್ಯನು ಸಾಕ್ಷಿಯಾಗಿ ಬಂದಿದ್ದನು. ನಾನು ಅವನನ್ನು ಚಾಡಿಕೋರನೆಂದು ಭಾವಿಸಿ ಹಿಂದಕ್ಕೆ ಕಳುಹಿದೆನು.

ಪರರನ್ನು ತಿದ್ದಹೊರಡುವ ಮೊದಲು ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬ ಶರಣರ ಬೋಧೆಯನ್ನು ಇಲ್ಲಿ ಕೆಲವರು ಮುಂದೊಡ್ಡಿಯಾರು. ನಾನೂ ಅಂದು ಅದರ ನೆರಳಿನಲ್ಲಿಯೇ ನಿಂತು ಮಾತಾಡಿದೆ. ಆದರೆ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯಿರಿ. ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸುಮ್ಮನಿರಲಿಲ್ಲ. ಇದು ನಮ್ಮದಲ್ಲ, ಸುರಿದು ಬಾ ಎಂದು ಹಿಂದಕ್ಕೆ ಕಳುಹಿದಳು. ಅವಳು ಬಸವಣ್ಣನವರ ಮಹಾಮನೆಗೆ ಹೋಗಿ ದೂರಲಿಲ್ಲವೆಂದು ನೀವು ಕೇಳಬಹುದು. ನಿಜ. ತಪ್ಪು ಮಾಡಿದವನು ಕಣ್ಣೆದುರಿಗಿದ್ದ, ಅವಳ ಮಾತು ಅವನಿಗೆ ತಾಗುತ್ತಿತ್ತು, ಅಷ್ಟಕ್ಕೇ ಕೆಲಸವಾಯಿತು. ಅಂತರ್ಜಾಲದ ಅಂಗಡಿಯವನ ಮುಖವನ್ನೇ ಕಾಣದ ಗಿರಾಕಿಗೆ ಆ ಅನುಕೂಲವೆಲ್ಲಿದೆ? ಇಳಕಲ್ಲಿನಿಂದ ಬಹಳ ದೂರವಲ್ಲದ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವಣಿಕಸಂಘವು ಒಂದು ಕಾಲಕ್ಕೆ ಕನ್ನಡ, ತಮಿಳು, ತೆಲುಗು ನಾಡುಗಳಲ್ಲಿಯೂ ಸಿಂಹಳದಲ್ಲಿಯೂ ಶಾಸನಗಳನ್ನು ಹಾಕಿಸಿತು. ಅಂಥ ಸಂಘದಲ್ಲಿ ಒಬ್ಬನ ಹೆಸರು ಕೆಟ್ಟರೆ ಎಲ್ಲರ ಹೆಸರೂ ಕೆಡುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಈಗಿನ ಪೇಟೆಗೆ ಅಂಥ ಹಿರಿಯರ ಕಟ್ಟೆಯಿಲ್ಲ. ಕಟ್ಟೆಯಿಲ್ಲದಲ್ಲಿ ಕಾಯಿದೆಯ ಬಾಗಿಲಿಗೇ ಹೋಗಬೇಕು.

ಕಾಯಿದೆಯೂ ಹೊಸತೇನಲ್ಲ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂಟಕಶೋಧನವೆಂಬ ಅಧಿಕರಣವಿದೆ. ನೂಲಿನ ವಸ್ತುಗಳೇ ಮೊದಲಾದುವುಗಳಲ್ಲಿ ಕೀಳನ್ನು ಮೇಲೆಂದು ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡವನ್ನೂ, ಒಂದು ಸ್ಥಳದಲ್ಲಿ ಹುಟ್ಟದುದನ್ನು ಅಲ್ಲಿಯೇ ಹುಟ್ಟಿದುದೆಂದು ಹೇಳಿ ಮಾರಿದವನಿಗೆ ಬೇರೊಂದು ದಂಡವನ್ನೂ ಅಲ್ಲಿ ವಿಧಿಸಿದೆ. ನಮ್ಮ ಕಾಲದಲ್ಲಿ 1999ರ ಭೌಗೋಳಿಕ ಸೂಚಕಗಳ ಅಧಿನಿಯಮವು ಈ ಎರಡನೆಯ ಕೆಲಸವನ್ನೇ ಮಾಡುತ್ತದೆ. ಇಳಕಲ್ಲ ಸೀರೆಗೆ ಅದರ ರಕ್ಷಣೆಯುಂಟು. 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳಂತೆ, ಸರಕಿನ ವರ್ಣನೆಯೂ ಚಿತ್ರವೂ ಸರಕಿಗೆ ಹೊಂದುವುವೆಂದು ಮಾರಾಟತಾಣದವರು ಮಾರುವವನಿಂದ ಮುಚ್ಚಳಿಕೆಯನ್ನು ಪಡೆಯಬೇಕು. ಅವರ ಕುಂದುಕೊರತೆ ಅಧಿಕಾರಿಯು ದೂರು ಮುಟ್ಟಿತೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915. ಇದಕ್ಕಿಂತಲೂ ಮುಖ್ಯವಾದುದೊಂದಿದೆ: ಗ್ರಾಹಕ ಸಮುದಾಯಕ್ಕೇ ಬಾಧಕವಾದ ವ್ಯಾಪಾರವನ್ನು ಕುರಿತು ಜಿಲ್ಲಾಧಿಕಾರಿಗಳಿಗೂ ಕೇಂದ್ರ ಪ್ರಾಧಿಕಾರಕ್ಕೂ ಬರೆದುಕೊಳ್ಳಲು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಅವಕಾಶವಿದೆ. ಎಂದರೆ ಪರರ ಉಸಾಬರಿ ನಿನಗೇಕೆಂದು ಕಾಯಿದೆ ಕೇಳುವುದಿಲ್ಲ. ಕೇಳಿದವನು ನಾನು.

ಹಾಗೆಂದು ಕಂಡಕಂಡುದಕ್ಕೆಲ್ಲ ದೂರು ಬರೆಯಿರೆಂದು ನನ್ನ ಅಭಿಪ್ರಾಯವಲ್ಲ. ಇಂದು ಎಷ್ಟೋ ಗೃಹಿಣಿಯರು ಸಗಟು ವ್ಯಾಪಾರಿ ಕಳುಹಿದ ಚಿತ್ರಗಳನ್ನು ವಾಟ್ಸ್‌ಆಪಿನಲ್ಲಿ ಹಂಚಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಸರಕು ಅವರ ಮನೆಗೆ ಬರುವುದೇ ಇಲ್ಲ; ಅದನ್ನವರು ಕಣ್ಣಿನಿಂದ ಕಂಡೂ ಇರುವುದಿಲ್ಲ. ಅಂಥವಳ ಮೇಲೆ ಅರ್ಜಿ ಗುಜರಾಯಿಸುವ ಮೊದಲು ಒಂದು ಮಾತು ತಿಳಿಯಹೇಳುವುದು ಮನುಷ್ಯಧರ್ಮ. ಇನ್ನು ಕೆಲವರು ಎದುರಾಳಿಯ ಅಂಗಡಿ ಮುಚ್ಚಿಸಬೇಕೆಂದೇ ಹತ್ತು ಸುಳ್ಳು ಹೆಸರುಗಳಿಂದ ದೂರು ಬರೆಯಿಸುವುದುಂಟು. ಇದು ನಕಲಿ ಸೀರೆಗಿಂತ ಹೇಯವಾದ ಕೆಲಸ. ನನ್ನ ಶಿಷ್ಯನೂ ಎದುರಾಳಿಯೇ ತಾನೆ, ಅವನ ದೂರಿನಲ್ಲಿ ಸ್ವಾರ್ಥವಿಲ್ಲವೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಸ್ವಾರ್ಥ ಇದೆ. ಆದರೆ ಮನೆಗೆ ಕನ್ನ ಬಿದ್ದವನ ಕೂಗಿನಲ್ಲಿಯೂ ಸ್ವಾರ್ಥವಿರುತ್ತದೆ. ಅದರಿಂದ ಕಳ್ಳನು ಸಾಧುವಾಗುವುದಿಲ್ಲ. ತನಗೆ ಇದರಲ್ಲಿ ಲಾಭನಷ್ಟವುಂಟೆಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲಿಯೇ ಹೇಳಿಬಿಟ್ಟರೆ ಆಯಿತು.

ಇಳಕಲ್ಲಿನಿಂದ ಮರಳಿದ ಮೇಲೆ ನಾನೇ ಆ ವ್ಯಾಪಾರಿಗೆ ಫೋನು ಮಾಡಿದೆ. ಆತ ವಿನಯದಿಂದಲೇ ಮಾತಾಡಿದ. "ಗುರುಗಳ, ನಾ ನೇಯೂದಿಲ್ಲ, ಸಗಟು ಮಾಲು ತರತೀನಿ. ವಿವರ ಬರಿಯಾವ ನಮ್ಮ ಹುಡುಗ. ಎಲ್ಲಾರೂ ಹಂಗ ಬರೀತಾರ್ರಿ. ಇಳಕಲ್ಲ ಅನ್ನೂದು ಈಗ ಊರ ಹೆಸರಲ್ರಿ, ಡಿಸೈನಿನ ಹೆಸರು." ಈ ಕಡೆಯ ಮಾತನ್ನು ಕೇಳಿ ನನಗೆ ನಾಲಗೆ ಏಳಲಿಲ್ಲ. ಊರು ಅಲ್ಲಿಯೇ ಇದೆ, ಮಗ್ಗಗಳಿವೆ, ಮಗ್ಗದ ಮುಂದೆ ಜನರು ಕುಳಿತಿದ್ದಾರೆ. ಅವರ ಊರಿನ ಹೆಸರನ್ನು ಮಾತ್ರ ಅವರಿಂದ ಕಿತ್ತುಕೊಂಡಾಗಿದೆ! ಚಿತ್ರವನ್ನು ತೆಗೆದು, ಪವರ್‌ಲೂಮಿನದೆಂದು ಬರೆದು ಬೇಕಾದಷ್ಟು ಮಾರು, ಯಾರ ತಕರಾರೂ ಇಲ್ಲವೆಂದೆ. ಆಗಲೆಂದ. ಒಂದು ತಿಂಗಳು ಕಾದೆವು. ಏನೂ ಬದಲಾಗಲಿಲ್ಲ.

ಆಗ ನನ್ನ ಶಿಷ್ಯನು ಅರ್ಜಿಯನ್ನು ಬರೆದು ನನಗೆ ತೋರಿಸಿದ. ವಂಚಕ, ಲಫಂಗ ಮುಂತಾದ ವಿಶೇಷಣಗಳನ್ನೆಲ್ಲ ನಾನು ಹೊಡೆದುಹಾಕಿದೆ. ತರಿಸಿದ ದಿನಾಂಕ, ಬಿಲ್ಲು, ಎರಡೂ ಸೀರೆಗಳ ಸೆರಗಿನ ಚಿತ್ರಗಳು, ತನ್ನ ಹೆಸರು, ತಾನೂ ಇದೇ ಸರಕಿನ ವ್ಯಾಪಾರಿಯೆಂಬ ಒಪ್ಪಿಗೆ, ಇಷ್ಟು ಉಳಿದುವು. ಮಾರಾಟತಾಣದವರಿಂದ ಎರಡು ದಿನಗಳಲ್ಲಿ ಉತ್ತರ ಬಂದಿತು. ಮೂರನೆಯ ವಾರದಲ್ಲಿ ಆ ಸೀರೆಯ ಪುಟ ಅಲ್ಲಿಂದ ಮಾಯವಾಯಿತು. ಈ ವರ್ಷದ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಆ ವ್ಯಾಪಾರಿ ಬರಲಿಲ್ಲ, ಆತನ ದೇಣಿಗೆಯೂ ಬರಲಿಲ್ಲ. ಕಾರ್ಯದರ್ಶಿಗಳು ಅದನ್ನು ಕುರಿತು ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲವಾದರೂ ಬಿಸಿಯೂಟದ ಕೋಣೆಯ ಮಾಡು ಈ ಮಳೆಗಾಲದಲ್ಲಿಯೂ ಸೋರಿತು. ಅದು ಸೋರುವಾಗಲೆಲ್ಲ ನಾನು ಲೆಕ್ಕಹಾಕಿದ್ದೇನೆ. ಎದುರುಮನೆಯ ಮಗ್ಗ ಮತ್ತೆ ನಡೆದಿಲ್ಲ. ಶಿಷ್ಯನು ಮೊನ್ನೆ ಪುನಃ ಬಂದಿದ್ದ. ಅವನ ಮನೆಯ ಕಟ್ಟೆಯ ಮೇಲಿನ ಅದೇ ಚಿತ್ರ ಈಗ ಬೇರೊಂದು ಹೆಸರಿನ ಅಂಗಡಿಯಲ್ಲಿ ಕಾಣಿಸಿಕೊಂಡಿದೆ. ಆ ಅಂಗಡಿ ಯಾರದೋ ನಮಗೆ ಗೊತ್ತಿಲ್ಲ. ಸೀರೆಯೊಂದನ್ನು ತರಿಸಲು ಹಣ ಕಟ್ಟಿದ್ದಾನೆ. ಅದು ಕೈಗೆ ಬಂದ ಮೇಲೆ ಅರ್ಜಿ ಬರೆಯಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.