ಯಾರ ನೆಮ್ಮದಿಗಾಗಿ ಈ ಎಣ್ಣೆ?



ಟುರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ತೊಂದರೆಯಿರುವ ಮಕ್ಕಳ ನಾಲಿಗೆಯಡಿ ದಿನಕ್ಕೆರಡು ಬಾರಿ ಸಿಬಿಡಿ ಎಣ್ಣೆಯ ಹನಿಗಳನ್ನು ಬಿಡುವ ಹೊಸ ಪರಿಪಾಠವೊಂದು ನಮ್ಮ ವಿದ್ಯಾವಂತರ ಮನೆಗಳೊಳಗೆ ಸದ್ದಿಲ್ಲದೆ ಕಾಲಿಟ್ಟಿದೆ. ನನ್ನ ಸೀಮಿತ ಬಳಗದಲ್ಲಿಯೇ ಇಂತಹ ಎರಡು ಮನೆಗಳನ್ನು ಕಂಡಿದ್ದೇನೆ. ಈ ಪರಿಪಾಠವನ್ನು ನಾನು ಖಂಡಿಸುತ್ತೇನೆ. ಎಣ್ಣೆಯ ಮೂಲ ಗಾಂಜಾ ಗಿಡವೆಂಬ ಕಾರಣಕ್ಕೆ ಈ ಖಂಡನೆಯೆಂದು ಯಾರೂ ಭಾವಿಸಬಾರದು. ಅಫೀಮಿನ ಗಿಡದಿಂದ ಬಂದ ಮಾರ್ಫೀನನ್ನು ಕ್ಯಾನ್ಸರ್ ರೋಗಿಯ ನೋವಿಗೆ ಕೊಡುವುದನ್ನು ಮನಃಪೂರ್ವಕವಾಗಿ ಒಪ್ಪುವವನು ನಾನು. ನನ್ನ ತಕರಾರು ಎರಡು. ಮಾರುವವರು ಹೇಳುವ ಗುಣಕ್ಕೆ ಪುರಾವೆಯಿಲ್ಲ ಎಂಬುದು ಮೊದಲನೆಯದು. ಎರಡನೆಯದು ತುಸು ಕಹಿಯಾದದ್ದು: ಈ ಎಣ್ಣೆಯನ್ನು ಬಹುಮಟ್ಟಿಗೆ ಕೊಳ್ಳುತ್ತಿರುವುದು ಮಗುವಿನ ಸಂಕಟಕ್ಕಲ್ಲ, ಮಗುವಿನ ಸುತ್ತಲಿರುವವರ ಮುಜುಗರಕ್ಕೆ.

ಮೊದಲು ಕಾಯಿಲೆಯ ಪರಿಚಯ ಆಗಲಿ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೆ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಮಹಾವೈದ್ಯನ ಶಿಷ್ಯನಾಗಿದ್ದ ಜಾರ್ಜ್ ಜಿಲ್ ದ ಲ ಟುರೆಟ್ 1885ರಲ್ಲಿ ಒಂಬತ್ತು ರೋಗಿಗಳ ವಿವರಗಳನ್ನು ಪ್ರಕಟಿಸಿದ. ಅವನ ಹೆಸರೇ ರೋಗಕ್ಕೆ ನಿಂತಿತು. ಕಣ್ಣು ಮಿಟುಕಿಸುವುದು, ಕತ್ತನ್ನು ಝಾಡಿಸುವುದು, ಭುಜ ಕುಣಿಸುವುದು, ಗಂಟಲು ಕೆರೆಯುವುದು, ಸೊರ ಸೊರ ಮೂಗೆಳೆಯುವುದು, ಇದ್ದಕ್ಕಿದ್ದಂತೆ ಕೂಗುವುದು: ಇವುಗಳಿಗೆ ವೈದ್ಯರು ಟಿಕ್ ಎನ್ನುತ್ತಾರೆ. ಹಲವು ಚಲನೆಯ ಟಿಕ್‌ಗಳೂ ಕನಿಷ್ಠ ಒಂದು ಧ್ವನಿಯ ಟಿಕ್ಕೂ ಒಂದು ವರ್ಷಕ್ಕೂ ಮೀರಿ ಉಳಿದು, ಹದಿನೆಂಟು ವರ್ಷಕ್ಕೆ ಮೊದಲೇ ಆರಂಭವಾಗಿದ್ದರೆ ಅದು ಟುರೆಟ್. ಬೈಗುಳಗಳು ತಾವಾಗಿಯೇ ಬಾಯಿಂದ ಹೊರಬೀಳುವುದೇ ಈ ರೋಗವೆಂದು ಸಿನಿಮಾ ನೋಡಿದವರು ನಂಬಿದ್ದಾರೆ; ವಾಸ್ತವದಲ್ಲಿ ಆ ಲಕ್ಷಣ ಕಾಣುವುದು ಹತ್ತರಲ್ಲಿ ಒಬ್ಬರಿಗೋ ಏನೋ. ಟಿಕ್ ಬರುವ ಮುನ್ನ ಸೀನು ಬರುವ ಮುನ್ನಿನಂತಹ ಒಂದು ತಹತಹವಿರುತ್ತದೆ. ಸೀನನ್ನು ಸ್ವಲ್ಪ ಹೊತ್ತು ತಡೆಯಬಹುದು, ಕೊನೆಯವರೆಗೆ ತಡೆಯಲಾಗದು. ಇದೂ ಹಾಗೆಯೇ. ಇದನ್ನರಿಯದ ನಮ್ಮ ಹಿರಿಯರು ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು. ನಮ್ಮ ಮೇಷ್ಟರುಗಳು ಅಣಕಿಸುತ್ತಾನೆಂದು ಬೆತ್ತ ಎತ್ತಿದರು.

ಇನ್ನು ಮುಂದಿನ ಮಾತಿಗೆಲ್ಲ ಆಧಾರವಾದ ಒಂದು ಸಂಗತಿಯನ್ನು ಓದುಗರು ಗಂಟು ಹಾಕಿಟ್ಟುಕೊಳ್ಳಬೇಕು. ಟಿಕ್ ಒಂದೇ ಸಮನಾಗಿರುವುದಿಲ್ಲ. ಸಮುದ್ರದ ಅಲೆಯಂತೆ ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ. ಕಣ್ಣಿನದು ಹೋಗಿ ಕತ್ತಿಗೆ ಬರುತ್ತದೆ. ಸಾಮಾನ್ಯವಾಗಿ ಐದಾರು ವರ್ಷಕ್ಕೆ ಮೊದಲಾಗಿ, ಹತ್ತರಿಂದ ಹನ್ನೆರಡರ ಸುಮಾರಿಗೆ ಶಿಖರ ಮುಟ್ಟಿ, ಹರೆಯ ಕಳೆಯುವ ವೇಳೆಗೆ ಬಹುಪಾಲು ಮಕ್ಕಳಲ್ಲಿ ಬಹಳಷ್ಟು ತಗ್ಗುತ್ತದೆ.

ಈಗ ಎಣ್ಣೆಯ ವಿಚಾರ. ಗಾಂಜಾ ಗಿಡದಲ್ಲಿ ನೂರಕ್ಕೂ ಮಿಕ್ಕಿ ಇಂತಹ ರಾಸಾಯನಿಕಗಳಿವೆ. ಅವುಗಳಲ್ಲಿ ಹೆಸರಾಂತವು ಎರಡು. ಅಮಲೇರಿಸುವುದು ಟಿಎಚ್‌ಸಿ, ಅಮಲೇರಿಸದ್ದು ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ. ಇಸ್ರೇಲಿನ ರಫಾಯೆಲ್ ಮೆಷೌಲಮ್ ತನ್ನ ಸಹೋದ್ಯೋಗಿಗಳೊಡನೆ 1963 ಮತ್ತು 1964ರಲ್ಲಿ ಇವೆರಡರ ರಚನೆಯನ್ನು ಬಿಡಿಸಿ ತೋರಿಸಿದ. ಒಂದೇ ತಾಯಿಯ ಮಕ್ಕಳಾದರೂ ಗುಣದಲ್ಲಿ ಬೇರೆ ಬೇರೆ. ಮಾರಾಟಗಾರರು ಕಣ್ಕಟ್ಟು ಮಾಡುವುದು ಸರಿಯಾಗಿ ಈ ಜಾಗದಲ್ಲಿ. ‘ಟುರೆಟ್ ರೋಗಕ್ಕೆ ಪರಿಣಾಮಕಾರಿಯೆಂದು ಸಂಶೋಧನೆ ಹೇಳಿದೆ’ ಎಂಬ ಅವರ ಮಾತಿನ ಹಿಂದಿರುವ ಸಂಶೋಧನೆಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣ.

ಜರ್ಮನಿಯ ಹ್ಯಾನೋವರಿನಲ್ಲಿ ಕಿರ್ಸ್ಟೆನ್ ಮ್ಯುಲ್ಲರ್-ವಾಲ್ ಎಂಬ ವೈದ್ಯೆಯ ತಂಡ 2002ರಲ್ಲಿ 12 ಮಂದಿ ವಯಸ್ಕರಿಗೂ 2003ರಲ್ಲಿ 24 ಮಂದಿಗೂ ಕೊಟ್ಟು ಪರೀಕ್ಷಿಸಿದ್ದು ಶುದ್ಧ ಟಿಎಚ್‌ಸಿಯನ್ನು. ಕೊಂಚ ಪ್ರಯೋಜನ ಕಂಡಿತು. ಅದರಲ್ಲಿ ಸಿಬಿಡಿಯ ಸುಳಿವೇ ಇಲ್ಲ. ಆಸ್ಟ್ರೇಲಿಯಾದಲ್ಲಿ 22 ವಯಸ್ಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವನ್ನೇ ಈಗ ಎಲ್ಲರೂ ಉದ್ಧರಿಸುವುದು. ಅಲ್ಲಿ ಕೊಟ್ಟದ್ದು ಎಣ್ಣೆಯೇ ಹೌದು. ಆದರೆ ಟಿಎಚ್‌ಸಿ ಮತ್ತು ಸಿಬಿಡಿ ಸಮಸಮವಾಗಿ ಬೆರೆತ ಎಣ್ಣೆ. 50 ಅಂಕಗಳ ಅಳತೆಗೋಲಿನಲ್ಲಿ ಟಿಕ್‌ಗಳು ಎಣ್ಣೆ ಸೇವಿಸಿದ ಆರು ವಾರಗಳಲ್ಲಿ ಸರಾಸರಿ 8.9 ಅಂಕ ಇಳಿದರೆ, ಹುಸಿ ಔಷಧ ಸೇವಿಸಿದ ಆರು ವಾರಗಳಲ್ಲಿ 2.5 ಇಳಿದವು. ಇದು ತೆಗೆದುಹಾಕುವ ಫಲಿತಾಂಶವಲ್ಲ. ಆದರೆ ಅದೇ ವರದಿಯಲ್ಲಿ ಎಣ್ಣೆ ಸೇವಿಸಿದವರ ಯೋಚನೆ ನಿಧಾನವಾದದ್ದು, ನೆನಪು ತಪ್ಪಿದ್ದು, ಏಕಾಗ್ರತೆ ಕುಂದಿದ್ದು ಕೂಡ ದಾಖಲಾಗಿದೆ. ಇನ್ನು ಎಲ್ಲಕ್ಕಿಂತ ದೊಡ್ಡ ಪ್ರಯೋಗ ಮತ್ತೆ ಜರ್ಮನಿಯದೇ; 97 ವಯಸ್ಕರು, ಎರಡೂ ದ್ರವ್ಯಗಳಿದ್ದ ಸ್ಪ್ರೇ, 2023ರ ಪ್ರಕಟಣೆ. ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಗಣನೀಯ ಉಪಶಮನ, ಹುಸಿ ಔಷಧ ಪಡೆದವರಲ್ಲಿ ನೂರಕ್ಕೆ 9 ಮಂದಿಗೆ. ಅಂತರ ಇದ್ದಂತೆ ಕಂಡರೂ ಸಂಖ್ಯಾಶಾಸ್ತ್ರದ ಕಟ್ಟುಪಾಡಿನಲ್ಲಿ ಅದು ತೇರ್ಗಡೆಯಾಗಲಿಲ್ಲ. ಸಿಬಿಡಿಯೇ ಪ್ರಧಾನವಾದ ಮಾದರಿಯನ್ನು ಆವಿಯ ರೂಪದಲ್ಲಿ ಕೆನಡಾದ ಟೊರೊಂಟೊದಲ್ಲಿ 12 ವಯಸ್ಕರ ಮೇಲೆ ಪರೀಕ್ಷಿಸಿದಾಗ ಅದು ಹುಸಿ ಔಷಧವನ್ನು ಮೀರಿಸಲಿಲ್ಲ. ಹನ್ನೆರಡೇ ಜನ, ಅದರಿಂದ ಸಿಬಿಡಿ ವ್ಯರ್ಥವೆಂದು ತೀರ್ಪು ಕೊಡುವುದೂ ಅವಸರವೇ.

ಓದುಗರೇ, ಗಮನಿಸಿ. ಅಲ್ಪಸ್ವಲ್ಪ ಗುಣ ತೋರಿದ್ದು ಟಿಎಚ್‌ಸಿ ಇರುವ ಔಷಧ, ಸೇವಿಸಿದವರು ವಯಸ್ಕರು. ಅಂಗಡಿಯವನು ಮಾರುವುದು ‘ಅಮಲೇ ಇಲ್ಲದ’ ಸಿಬಿಡಿ. ಕುಡಿಯುವವನು ಹನ್ನೊಂದು ವರ್ಷದ ಬಾಲಕ. ಅಣ್ಣನ ಅಂಕಪಟ್ಟಿ ತೋರಿಸಿ ತಮ್ಮನಿಗೆ ಕಾಲೇಜಿನಲ್ಲಿ ಸೀಟು ಕೇಳಿದಂತೆ! ಅಮೆರಿಕದ ನರವೈದ್ಯರ ಅಕಾಡೆಮಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ, ಬೇರೆ ಚಿಕಿತ್ಸೆಗಳಿಗೆ ಬಗ್ಗದ ವಯಸ್ಕರಿಗೆ ಕಾನೂನು ಅನುಮತಿಸುವ ಕಡೆ ಇಂತಹ ಔಷಧಗಳನ್ನು ಪರಿಶೀಲಿಸಬಹುದೆಂದು ಒಪ್ಪಿಕೊಂಡಿತಾದರೂ, ಮಕ್ಕಳಿಗೂ ಹದಿಹರೆಯದವರಿಗೂ ಬೇಡವೆಂದೇ ಹೇಳಿತು.

‘ಮೂರ್ಛೆರೋಗಕ್ಕೆ ಅಮೆರಿಕ ಸರ್ಕಾರವೇ ಸಿಬಿಡಿಯನ್ನು ಒಪ್ಪಿದೆಯಲ್ಲ, ಸ್ವಾಮಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಪ್ಪಿರುವುದು ನಿಜ. ಎಪಿಡಿಯೊಲೆಕ್ಸ್ ಎಂಬ ಶುದ್ಧೀಕರಿಸಿದ ಔಷಧಕ್ಕೆ 2018ರಲ್ಲಿ ಡ್ರವೆ ಮತ್ತು ಲೆನಾಕ್ಸ್-ಗಸ್ಟೊ ಎಂಬ ಎರಡು ಘೋರ ಮೂರ್ಛೆರೋಗಗಳಿಗಾಗಿ ಅನುಮತಿ ದೊರೆಯಿತು. ಅದರ ಪ್ರಮಾಣ ಎಷ್ಟು? ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ. ಮೂವತ್ತು ಕಿಲೋ ತೂಗುವ ಹುಡುಗನಿಗೆ 300ರಿಂದ 600 ಮಿಲಿಗ್ರಾಂ ಆಯಿತು. ಸಾವಿರ ಮಿಲಿಗ್ರಾಮಿನ ಸೀಸೆಯೊಂದು ಎರಡು ಮೂರು ದಿನಕ್ಕೆ ಬರಿದಾಗಬೇಕು. ಬೆಳಿಗ್ಗೆ ಐದು ಹನಿ, ರಾತ್ರಿ ಐದು ಹನಿ ಎಂದು ತಿಂಗಳುಗಟ್ಟಲೆ ಓಡಿಸುವ ಸೀಸೆಯಿಂದ ಅವನಿಗೆ ದೊರೆಯುವುದು ಇಪ್ಪತ್ತು ಮಿಲಿಗ್ರಾಮಿನ ಆಸುಪಾಸು. ಬೇರೆ ರೋಗ, ಬೇರೆ ಪ್ರಮಾಣ, ಬೇರೆ ಶುದ್ಧತೆ. ಹೆಸರು ಮಾತ್ರ ಒಂದೇ. ಮೇಲಾಗಿ ಆ ಔಷಧ ಕೊಡುವ ವೈದ್ಯರು ಆಗಾಗ್ಗೆ ರಕ್ತ ಪರೀಕ್ಷಿಸಿ ಯಕೃತ್ತಿಗೆ ಧಕ್ಕೆಯಾಗಿದೆಯೇ ಎಂದು ನೋಡುತ್ತಾರೆ. ಹನಿ ಎಣಿಸುವ ತಂದೆತಾಯಿ ಅದನ್ನು ಮಾಡಿಸುತ್ತಾರೆಯೇ?

ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನೊಡನೆ ಮನೆಗೆ ಬಂದಿದ್ದ. ಒಳ್ಳೆಯ ಉದ್ಯೋಗದಲ್ಲಿರುವವನು, ನನ್ನ ಬಳಿ ಹತ್ತನೆಯ ತರಗತಿಯ ವಿಜ್ಞಾನ ಕಲಿತವನು. ಚೀಲದಿಂದ ಕಡುಕಂದು ಸೀಸೆಯೊಂದನ್ನು ತೆಗೆದು, “ಎರಡೇ ತಿಂಗಳಿಗೆ ಅರ್ಧಕ್ಕರ್ಧ ಇಳಿದಿದೆ ಸಾರ್” ಎಂದ. ಯಾವಾಗ ಆರಂಭಿಸಿದೆಯಪ್ಪಾ ಎಂದು ಕೇಳಿದೆ. “ಆಗಸ್ಟ್ ಕೊನೆಗೆ. ಆಗ ವಿಪರೀತ ಇತ್ತು. ಶಾಲೆಯಿಂದ ಕರೆಸಿ, ಇದನ್ನು ಸರಿಮಾಡಿಸಿ ಇಲ್ಲವೇ ಟಿಸಿ ತೆಗೆದುಕೊಂಡು ಹೋಗಿ ಅಂದಿದ್ದರು.” ಅಲೆ ಶಿಖರದಲ್ಲಿದ್ದಾಗಲೇ ಎಲ್ಲರೂ ಔಷಧ ಹುಡುಕಿ ಹೊರಡುವುದು. ಶಿಖರದಿಂದ ಅಲೆ ಹೋಗುವುದಾದರೂ ಎಲ್ಲಿಗೆ, ಕೆಳಕ್ಕಲ್ಲದೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕೀರ್ತಿ ಕಾಗೆಗೆ. ಹುಸಿ ಔಷಧದ ಗುಂಪೊಂದನ್ನು ಇಟ್ಟು ಹೋಲಿಸುವ ಪದ್ಧತಿ ಹುಟ್ಟಿದ್ದೇ ಕಾಗೆಯನ್ನೂ ಕೊಂಬೆಯನ್ನೂ ಬಿಡಿಸಿ ನೋಡುವುದಕ್ಕೆ.

ನಾವು ಮಾತನಾಡುತ್ತಿದ್ದಾಗ ಹುಡುಗ ಚಕ್ಕುಲಿ ತಿನ್ನುತ್ತಿದ್ದ. ಕತ್ತು ಆಗಾಗ ಎಡಕ್ಕೆ ಜಗ್ಗುತ್ತಿತ್ತು. ಎಣ್ಣೆ ಹೇಗಿದೆ ಮಗು ಎಂದೆ. “ಗಣಿತದ ಪೀರಿಯಡ್‌ನಲ್ಲಿ ನಿದ್ದೆ ಬರುತ್ತೆ ತಾತ. ಆದ್ರೆ ಮಿಸ್ ಈಗ ಬೈಯಲ್ಲ” ಎಂದ.

ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಆ ಮಾತು ಚುಚ್ಚಿತು. ಸದ್ದು ಮಾಡುವ ಮಗುವಿಗಿಂತ ತೂಕಡಿಸುವ ಮಗು ನಮ್ಮ ಶಾಲೆಗಳಿಗೆ ಪ್ರಿಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಅಸಹನೆಯ ಜ್ವರ ಬಂದಿರುವುದು ಶಾಲೆಗೆ; ಎಣ್ಣೆ ಕುಡಿಯಬೇಕಾದದ್ದು ಹುಡುಗ.

ಆ ಸೀಸೆಯೊಳಗೆ ಏನಿತ್ತೆಂಬುದಾದರೂ ಖಚಿತವೇ? ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಮಾರಾಟವಾಗುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಚೀಟಿಯಲ್ಲಿ ಬರೆದ ಪ್ರಮಾಣ ಸರಿಯಿದ್ದದ್ದು ನೂರಕ್ಕೆ 31ರಲ್ಲಿ ಮಾತ್ರ. 18 ಮಾದರಿಗಳಲ್ಲಿ ಟಿಎಚ್‌ಸಿಯೂ ಪತ್ತೆಯಾಯಿತು. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆ ಗಾಂಜಾ ಗಿಡದ ಹೂತುದಿಯನ್ನೂ ರಾಳವನ್ನೂ ನಿಷೇಧಿಸಿ, ಎಲೆ ಮತ್ತು ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆ ಕಿಂಡಿಯ ಮೂಲಕ ಭಂಗಿ ಎಲೆಯ ಸಾರವು ‘ವಿಜಯಾ’ ಎಂಬ ಆಯುರ್ವೇದದ ಹೆಸರಿನಲ್ಲಿ, ಆಯುಷ್ ಪರವಾನಗಿಯೊಡನೆ ಮಾರುಕಟ್ಟೆಗೆ ಬರುತ್ತದೆ. ಎಲೆಯಲ್ಲಿಯೂ ಟಿಎಚ್‌ಸಿ ಇರುತ್ತದೆ. ಶಿವರಾತ್ರಿಗೆ ಕಾಶಿಯಲ್ಲಿ ಭಂಗ್ ಕುಡಿದವರನ್ನು ಕೇಳಿದರೆ ಅವರೇ ಹೇಳಿಯಾರು. ‘ನಮ್ಮ ಪರಂಪರೆಯ ಮೂಲಿಕೆ, ಅಡ್ಡಪರಿಣಾಮವಿಲ್ಲ’ ಎನ್ನುವವರಿಗೆ ಒಂದು ವಿಷಯ ತಿಳಿದಿರಲಿ: ಔಷಧ ನಿಯಮಗಳ ಇ-1 ಅನುಸೂಚಿ, ಅಂದರೆ ಆಯುರ್ವೇದದ ವಿಷದ್ರವ್ಯಗಳ ಪಟ್ಟಿ, ಭಂಗಿಯನ್ನು ಹೆಸರಿಸಿ, ಅದು ಸೇರಿದ ಮದ್ದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಲು ಹೇಳುತ್ತದೆ. ಪರಂಪರೆಗೆ ಆ ವಿವೇಕವಿತ್ತು. ಅದರ ಹೆಸರಿನಲ್ಲಿ ವ್ಯಾಪಾರ ಮಾಡುವವರಿಗಿಲ್ಲ.

ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ. ಟಿಕ್‌ಗಳಿಗೆ ಮನೋವೈದ್ಯರು ಕೊಡುವ ಅರಿಪಿಪ್ರಜೋಲ್, ರಿಸ್ಪೆರಿಡೋನ್ ಮೊದಲಾದ ಮಾತ್ರೆಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳಿಗೆ ಸಿಬಿಡಿ ಅಡ್ಡಗಾಲು ಹಾಕಬಲ್ಲದು. ಮಾತ್ರೆಯ ಪ್ರಮಾಣ ಹೆಚ್ಚಿಸದಿದ್ದರೂ ರಕ್ತದಲ್ಲಿ ಅದು ಹೆಚ್ಚಾಗಬಹುದು. ಎಣ್ಣೆ ಕೊಡುತ್ತಿರುವ ಸಂಗತಿಯನ್ನು ವೈದ್ಯರಿಂದ ಮುಚ್ಚಿಡುವುದು ಈ ಕಾರಣಕ್ಕೇ ಅಕ್ಷಮ್ಯ. (ಇದನ್ನು ಓದಿ ಇಂದೇ ಸೀಸೆಯನ್ನು ಮೋರಿಗೆ ಸುರಿಯಲೂ ಬೇಡಿ, ಮೊದಲು ವೈದ್ಯರ ಮುಂದಿಡಿ.)

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೇ? ಖಂಡಿತ ಇಲ್ಲ. ಟಿಕ್‌ಗಳಿಗೆಂದೇ ರೂಪಿಸಿದ ವರ್ತನಾ ಚಿಕಿತ್ಸೆಯೊಂದಿದೆ. ತಹತಹ ಏಳುವುದನ್ನು ಗುರುತಿಸಲು ಮಗುವಿಗೆ ಕಲಿಸಿ, ಆ ಕ್ಷಣದಲ್ಲಿ ಟಿಕ್ಕಿಗೆ ಎದುರಾದ ಬೇರೊಂದು ಸೌಮ್ಯ ಚಲನೆಯನ್ನು ಅಭ್ಯಾಸ ಮಾಡಿಸುವುದು ಅದರ ತಿರುಳು. ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 52 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಬರಿಯ ಸಮಾಧಾನದ ಮಾತು ಕೇಳಿದವರಲ್ಲಿ 18 ಮಂದಿ. ಇಲ್ಲಿರುವುದು ಮಕ್ಕಳೇ, ವಯಸ್ಕರಲ್ಲ. ಅಮಲಿಲ್ಲ, ತೂಕಡಿಕೆಯಿಲ್ಲ. ಆದರೆ ಇದನ್ನು ಬಲ್ಲ ಮನಶ್ಶಾಸ್ತ್ರಜ್ಞರು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಿಗುವುದು ದುರ್ಲಭ. ಎಣ್ಣೆಯ ಸೀಸೆಯಾದರೋ ಕೊರಿಯರಿನಲ್ಲಿ ಮನೆಬಾಗಿಲಿಗೇ ಬರುತ್ತದೆ. ತಂದೆತಾಯಿಗಳನ್ನು ನಾನು ಹಳಿಯಲಾರೆ. ಮಗುವಿನ ಟಿಸಿಯನ್ನು ಮೇಜಿನ ಮೇಲಿಟ್ಟು ಹೆದರಿಸಿದರೆ ಮುಳುಗುವವನು ಹುಲ್ಲುಕಡ್ಡಿಯನ್ನೇ ಹಿಡಿಯುತ್ತಾನೆ.

ಆ ಹೆದರಿಕೆಗಾದರೂ ಕಾನೂನಿನ ಬಲವಿದೆಯೇ? 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅದೇ ಕಾಯಿದೆಯ 17ನೆಯ ಕಲಮು ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇಷ್ಟನ್ನು ಬಿ.ಇಡಿ. ಓದಿದ ಪ್ರತಿಯೊಬ್ಬರೂ ತಿಳಿದಿರಬೇಕು. 2018ರಲ್ಲಿ ಬಂದ ‘ಹಿಚ್ಕಿ’ ಚಿತ್ರದಲ್ಲಿ ಟುರೆಟ್ ಇದ್ದ ಶಿಕ್ಷಕಿಯ ಪಾತ್ರಕ್ಕೆ ಕಣ್ಣೊರೆಸಿಕೊಂಡವರು ನಾವು. ಅದಕ್ಕೆ ಪ್ರೇರಣೆಯಾದ ಬ್ರ್ಯಾಡ್ ಕೋಹೆನ್ ಟಿಕ್‌ಗಳನ್ನು ಕಳೆದುಕೊಂಡು ಶಿಕ್ಷಕನಾದವನಲ್ಲ, ಇಟ್ಟುಕೊಂಡೇ ಆದವನು. ಪರದೆಯ ಮೇಲೆ ಚಪ್ಪಾಳೆ, ಪಕ್ಕದ ಬೆಂಚಿನಲ್ಲಿ ಟಿಸಿ!

ನನ್ನ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಆ ಶಾಲೆಯ ಮುಖ್ಯಸ್ಥರಿಗೆ ನಾನೊಂದು ಪತ್ರ ಬರೆದಿದ್ದೇನೆ. ಟಿಕ್ ಬಂದಾಗ ಅಧ್ಯಾಪಕರು ಕಂಡೂ ಕಾಣದಂತಿರಲಿ, ಏಕೆಂದರೆ ಎತ್ತಿ ಆಡಿದಷ್ಟೂ ಅದು ಹೆಚ್ಚುತ್ತದೆ. ಬೇಕೆನಿಸಿದಾಗ ಕೇಳದೆಯೇ ಐದು ನಿಮಿಷ ಹೊರಗೆ ಹೋಗಿಬರಲು ಹುಡುಗನಿಗೆ ಬಿಡಿ. ಪರೀಕ್ಷೆಯನ್ನು ಬೇರೆ ಕೊಠಡಿಯಲ್ಲಿ ಬರೆಯಿಸಿ. ಕೇಳಿದ್ದು ಇಷ್ಟೇ. ಉತ್ತರ ಇನ್ನೂ ಬಂದಿಲ್ಲ. ಬರುವ ಸೋಮವಾರ ಬಸ್ಸು ಹತ್ತಿ ಖುದ್ದಾಗಿ ಹೋಗುವವನಿದ್ದೇನೆ.